ಅಳಿಸಿದ್ದು ಎಲ್ಲಿಗೆ ಹೋಗುತ್ತದೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್ ಕೆಲಸದಲ್ಲಿದ್ದೀಯಲ್ಲ, ಊರಿನವರಿಗೆ ಉಪಯೋಗವಾಗೋ ಹಾಗೆ ಏನಾದರೂ ಮಾತಾಡು" ಎಂದರು. ದೊಡ್ಡ ದೊಡ್ಡ ವಿಷಯಗಳು ತಲೆಗೆ ಬಂದವು. ಕೊನೆಗೆ ಚಿಕ್ಕ ವಿಷಯವನ್ನೇ ಆರಿಸಿಕೊಂಡೆ. ನಾನು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದ ಮೇಲೆ ಊರಿನಿಂದ ನನಗೆ ಬರುವ ಫೋನುಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಗೆ ಸೇರಿದವು: "ಫೋಟೊ ಎಲ್ಲಾ ಡಿಲೀಟ್ ಆಗಿಬಿಟ್ಟಿದೆ, ವಾಪಸ್ ತರಿಸೋಕೆ ಆಗುತ್ತಾ?" ಮದುವೆಯ ಫೋಟೊ, ಮಗುವಿನ ನಾಮಕರಣದ ವಿಡಿಯೊ, ಪಹಣಿಯ ಸ್ಕ್ಯಾನ್ ಪ್ರತಿ, ಒಬ್ಬ ಮೇಷ್ಟ್ರ ಇಡೀ ವರ್ಷದ ಅಂಕಪಟ್ಟಿ. ಇವತ್ತು ಆ ಪ್ರಶ್ನೆಗೆ ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳಿಬಿಡುತ್ತೇನೆ.

ಉತ್ತರ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನನ್ನ ಅಪ್ಪ ಯಾರೆಂದು ಇಲ್ಲಿ ಬಹಳ ಜನರಿಗೆ ಗೊತ್ತು. ಊರಿನಲ್ಲಿ 'ಕುರುಕ್ಷೇತ್ರ' ನಾಟಕ ಕಟ್ಟಿದಾಗಲೆಲ್ಲ ಶಕುನಿಯ ಪಾತ್ರ ಅವರದೇ. ಇದೇ ಶಾಲೆಯ ಮೈದಾನದಲ್ಲಿ ಸೀನರಿ ಕಟ್ಟಿಸಿ ರಾತ್ರಿಯಿಡೀ ಆಡಿದ್ದನ್ನು ನೀವು ನೋಡಿದ್ದೀರಿ. ಹೊಲದಲ್ಲಿ ಎರಡು ಮಾತು ಹೆಚ್ಚು ಆಡದ ಮನುಷ್ಯ, ಬಣ್ಣ ಹಚ್ಚಿಕೊಂಡರೆ ಬೇರೆಯವರೇ ಆಗಿಬಿಡುತ್ತಿದ್ದರು. ಕೊನೆಯ ವರ್ಷ ಕಾಯಿಲೆಯಿಂದ ಅವರಿಗೆ ರಂಗ ಹತ್ತಲಾಗಲಿಲ್ಲ. ಆದರೆ ನಮ್ಮ ಮನೆಯ ಜಗುಲಿಯ ಮೇಲೆ ಕೂತು, ಪಾತ್ರ ವಹಿಸಿಕೊಂಡ ಹೊಸ ಹುಡುಗನಿಗೆ ಶಕುನಿಯ ಮಾತು, ಹಾಡಿನ ಮಟ್ಟು ಹೇಳಿಕೊಡುತ್ತಿದ್ದರು. ಆ ತಾಲೀಮನ್ನು ಅವ್ವ ತನ್ನ ಫೋನಿನಲ್ಲಿ ವಿಡಿಯೊ ಮಾಡಿಟ್ಟಿದ್ದಳು. ಒಟ್ಟು 11 ವಿಡಿಯೊ.

ದೀಪಾವಳಿ ಕಳೆದ ಮೇಲೆ ಅಪ್ಪ ತೀರಿಕೊಂಡರು. ಸಂಕ್ರಾಂತಿಗೆ ಊರಿಗೆ ಬಂದಿದ್ದೆ. ಹೊರಡುವ ಹೊತ್ತಿಗೆ ಅವ್ವ ಫೋನ್ ಕೈಗೆ ಕೊಟ್ಟು, "ಏನೋ ತುಂಬೋಗದೆ ಅಂತ ದಿನಾ ತೋರಿಸ್ತದೆ, ನೋಡು ಮಗ" ಎಂದಳು. ಬಸ್ಸಿಗೆ ಅರ್ಧ ಗಂಟೆ ಇತ್ತು. ಎಲ್ಲವೂ ಕ್ಲೌಡಿಗೆ ಬ್ಯಾಕಪ್ ಆಗಿದೆಯೇ ಎಂದು ನೋಡಿದೆ, ಆಗಿತ್ತು. ಸರಿ, ಫೋನಿನಿಂದ ಹೋದರೆ ಹೋಗಲಿ, ಮೇಲೆ ಇದೆಯಲ್ಲ ಎಂದುಕೊಂಡು ಫೋಟೊ ಆ್ಯಪ್ ತೆರೆದು, ದೊಡ್ಡ ವಿಡಿಯೊಗಳನ್ನೆಲ್ಲ ಆರಿಸಿ ಅಳಿಸಿದೆ. ಕ್ಲೌಡಿನಿಂದಲೂ ಹೋಗುತ್ತದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದಿತ್ತು. ಓದದೆ 'ಓಕೆ' ಒತ್ತಿದೆ. ನಾವೆಲ್ಲ ಒತ್ತುವ ಹಾಗೆಯೇ.

ಯುಗಾದಿಗೆ ಮತ್ತೆ ಬಂದೆ. ಅಪ್ಪ ಇಲ್ಲದ ಮೊದಲ ಯುಗಾದಿ. ಎಡೆ ಇಟ್ಟು ಊಟ ಮುಗಿದ ಮೇಲೆ ಅವ್ವ, "ನಿಮ್ಮಪ್ಪನ ಆ ಶಕುನಿ ಪದ ಹಾಕು ಮಗ, ಕೇಳಾನ" ಎಂದಳು. ಹುಡುಕಿದೆ. ಇರಲಿಲ್ಲ. ಕಸದ ಬುಟ್ಟಿ ತೆರೆದೆ, ಅದೂ ಖಾಲಿ. ಬೆರಳು ಮಡಚಿ ಎಣಿಸಿದೆ. ಆ ಆ್ಯಪಿನಲ್ಲಿ ಅಳಿಸಿದ್ದು 60 ದಿನ ಬುಟ್ಟಿಯಲ್ಲಿರುತ್ತದೆ. ನಾನು ಬಂದದ್ದು 75ನೇ ದಿನ. ಸಹಾಯ ವಿಭಾಗಕ್ಕೆ ಬರೆದೆ. ಗಡುವು ಮುಗಿದದ್ದನ್ನು ಮರಳಿ ತರಲಾಗದು ಎಂಬ ಉತ್ತರ ಬಂತು. ಅವರ ತಪ್ಪೇನೂ ಇಲ್ಲ. ದಿನವೂ ಜನರ ಮಾಹಿತಿ ಕಾಯುವ ಸಾಫ್ಟ್‌ವೇರ್ ಬರೆಯುವವನು ತನ್ನ ಅಪ್ಪನ ದನಿಯನ್ನು ತಾನೇ ಅಳಿಸಿ, ಹದಿನೈದು ದಿನ ತಡವಾಗಿ ಹುಡುಕಲು ಹೋಗಿದ್ದ.

ಆ ವಿಡಿಯೊಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ, ಆಮೇಲೆ ಹೇಳುತ್ತೇನೆ. ಮೊದಲು, ಅಳಿಸಿದ್ದು ನಿಜವಾಗಿ ಎಲ್ಲಿಗೆ ಹೋಗುತ್ತದೆ ಎಂದು ನೋಡೋಣ.

ಕ್ಲೌಡ್ ಎಂದರೆ ಆಕಾಶದಲ್ಲಿರುವ ಮೋಡವೇನಲ್ಲ. ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ ಹಗಲೂ ರಾತ್ರಿ ಓಡುವ ಸಾವಿರಾರು ಕಂಪ್ಯೂಟರುಗಳು, ಅಷ್ಟೆ. ನಮ್ಮ ಒಂದು ಫೋಟೊ ಅಲ್ಲಿಗೆ ಹೋದರೆ, ಯಂತ್ರ ಕೆಟ್ಟರೂ ಉಳಿಯಲಿ ಎಂದು ಒಂದಕ್ಕಿಂತ ಹೆಚ್ಚು ಕಡೆ ಇಡುತ್ತಾರೆ. ಯಾವ ಫೋಟೊ ಯಾರದು, ಎಲ್ಲಿದೆ ಎಂದು ಹೇಳುವ ಪಟ್ಟಿಯೊಂದು ಬೇರೆ ಇರುತ್ತದೆ.

ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ಹುಡುಗ ಟಿ.ಸಿ. ತೆಗೆದುಕೊಂಡು ಹೋದರೆ ಗುಮಾಸ್ತರು ಹಾಳೆ ಹರಿಯುವುದಿಲ್ಲ. ಹೆಸರಿನ ಮುಂದೆ ತಾರೀಖು ಹಾಕಿ ಗುರುತು ಮಾಡುತ್ತಾರೆ. ಮರುದಿನದಿಂದ ಹಾಜರಿಯಲ್ಲಿ ಆ ಹೆಸರು ಕೂಗುವುದಿಲ್ಲ. ನಾವು 'ಡಿಲೀಟ್' ಒತ್ತಿದಾಗಲೂ ಮೊದಲು ಆಗುವುದು ಇಷ್ಟೇ. ಫೈಲಿನ ಮುಂದೆ ತಾರೀಖು ಬೀಳುತ್ತದೆ, ಅದು ಕಣ್ಣಿನಿಂದ ಮರೆಯಾಗಿ 'ಬಿನ್' ಅಥವಾ 'ಟ್ರ್ಯಾಶ್' ಎಂಬ ಕಸದ ಬುಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಗಡುವು ಮುಗಿದ ದಿನ ಪಟ್ಟಿಯಿಂದ ನಿಜವಾಗಿ ತೆಗೆಯುತ್ತಾರೆ.

ಆಮೇಲೂ ಎಲ್ಲ ಯಂತ್ರಗಳಿಂದ ಒಂದೇ ಗಳಿಗೆಯಲ್ಲಿ ಅದು ಹೋಗುವುದಿಲ್ಲ. ಅಳಿಸಿದ ದಿನದಿಂದ ಪೂರ್ತಿ ತೆಗೆಯಲು ಸುಮಾರು ಎರಡು ತಿಂಗಳು ಹಿಡಿಯುತ್ತದೆ, ಬ್ಯಾಕಪ್ ಪ್ರತಿಗಳಲ್ಲಿ ಆರು ತಿಂಗಳವರೆಗೂ ಉಳಿದಿರಬಹುದು ಎಂದು ಗೂಗಲ್ ತಾನೇ ಹೇಳುತ್ತದೆ. "ಹಾಗಾದರೆ ತೆಗೆದುಕೊಡಬಹುದಲ್ಲ?" ಎಂದು ನೀವು ಕೇಳಬಹುದು. ಆ ಬ್ಯಾಕಪ್ ಇರುವುದು ಇಡೀ ವ್ಯವಸ್ಥೆ ಕುಸಿದರೆ ಎತ್ತಿ ನಿಲ್ಲಿಸುವುದಕ್ಕೆ, ಒಬ್ಬರ ಒಂದು ಫೋಟೊ ಹುಡುಕಿಕೊಡುವುದಕ್ಕಲ್ಲ. ಇನ್ನೊಂದು ಮಾತೂ ಇದೆ. ಅಳಿಸು ಎಂದ ಮೇಲೆ ಅಳಿಸಲೇಬೇಕು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ತನ್ನ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಅಳಿಸಿದ್ದನ್ನು ಯಾವಾಗ ಬೇಕಾದರೂ ತೆಗೆದು ನೋಡಬಹುದು ಎಂದಾದರೆ ನಿಮ್ಮ ಗುಟ್ಟಿಗೂ ಕಾವಲಿಲ್ಲ. ಹಾಗಾಗಿ ನಮಗೆ ಸಿಗುವುದು ಬುಟ್ಟಿಯ ಗಡುವು ಮಾತ್ರ.

ಆ ಗಡುವುಗಳನ್ನು ಬರೆದುಕೊಳ್ಳಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೊ, ವಿಡಿಯೊಗಳಿಗೆ 60 ದಿನ. ಬ್ಯಾಕಪ್ ಆಗದೆ ಫೋನಿನಲ್ಲಷ್ಟೇ ಇದ್ದವಕ್ಕೆ 30 ದಿನ. ಗೂಗಲ್ ಡ್ರೈವ್‌ನಲ್ಲಿ 30 ದಿನ. 2020ರ ಅಕ್ಟೋಬರಿಗೆ ಮುಂಚೆ ಡ್ರೈವಿನ ಬುಟ್ಟಿಯಲ್ಲಿ ನಾವಾಗಿ ಖಾಲಿ ಮಾಡುವವರೆಗೂ ಫೈಲು ಇರುತ್ತಿತ್ತು. ಆ ಹಳೆಯ ಅಭ್ಯಾಸದಲ್ಲೇ ಇನ್ನೂ ಇರುವವರು ಎಚ್ಚರ ವಹಿಸಿ. ಜಿಮೇಲ್‌ನಲ್ಲೂ 30 ದಿನ. ಐಫೋನ್ ಇರುವವರಿಗೆ 'ರೀಸೆಂಟ್ಲಿ ಡಿಲೀಟೆಡ್' ಎಂಬ ಆಲ್ಬಮ್‌ನಲ್ಲಿ 30 ದಿನ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ ಸ್ವಂತ ಖಾತೆಗೆ 30 ದಿನ, ಕಚೇರಿ ಅಥವಾ ಕಾಲೇಜು ಕೊಟ್ಟ ಖಾತೆಗೆ ಸಾಮಾನ್ಯವಾಗಿ 93 ದಿನ. ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಗೆ 30 ದಿನ. ಒಂದು ತಿಂಗಳೊಳಗೆ ಎಂದು ನೆನಪಿಟ್ಟುಕೊಂಡರೆ ಎಲ್ಲದಕ್ಕೂ ಆಯಿತು.

ಈಗ, ಏನೋ ಕಳೆದಿದೆ ಎಂದು ಗೊತ್ತಾದ ಗಳಿಗೆಯಲ್ಲಿ ಏನು ಮಾಡಬೇಕು?

ಮೊದಲನೆಯದು, ಕೈ ನಿಲ್ಲಿಸಿ. ಗಾಬರಿಯಲ್ಲಿ ಫೋನ್ ರಿಸೆಟ್ ಮಾಡಬೇಡಿ, ಬುಟ್ಟಿ ಖಾಲಿ ಮಾಡಬೇಡಿ, ಸಿಕ್ಕಿದ ರಿಕವರಿ ಆ್ಯಪ್ ಹಾಕಿಕೊಳ್ಳಬೇಡಿ. ಅದೇ ಖಾತೆಯಿದ್ದ ಹಳೆಯ ಫೋನೋ ಲ್ಯಾಪ್‌ಟಾಪೋ ಬೀರುವಿನಲ್ಲಿದ್ದರೆ ಅದು ದೊಡ್ಡ ಆಸ್ತಿ. ಅದನ್ನು ಆನ್ ಮಾಡುವ ಮುಂಚೆ ಮನೆಯ ವೈಫೈ ಆರಿಸಿ, ಹಳೆಯ ಫೋನಿನ ಸಿಮ್ ತೆಗೆಯಿರಿ. ಇಂಟರ್‌ನೆಟ್ ಸಿಕ್ಕ ಕೂಡಲೇ ಅದು ಕ್ಲೌಡನ್ನು ಕೇಳಿಕೊಂಡು, ಅಲ್ಲಿ ಅಳಿಸಿದ್ದನ್ನು ತಾನೂ ಅಳಿಸಬಹುದು. ಇಂಟರ್‌ನೆಟ್ ಇಲ್ಲದೆ ತೆರೆದು, ಬೇಕಾದದ್ದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡರೆ ಗೆದ್ದಿರಿ.

ಎರಡನೆಯದು, ಯಾವ ಖಾತೆ ಎಂದು ನೋಡಿ. ನನಗೆ ಬಂದ ಎಷ್ಟೋ ಪ್ರಕರಣಗಳಲ್ಲಿ ಫೋಟೊ ಅಳಿಸಿಯೇ ಇರಲಿಲ್ಲ. ಹೊಸ ಫೋನ್ ಕೊಂಡಾಗ ಹಳೆಯ ಪಾಸ್‌ವರ್ಡ್ ಗೊತ್ತಿಲ್ಲವೆಂದು ಅಂಗಡಿಯ ಹುಡುಗ ಹೊಸ ಜಿಮೇಲ್ ಮಾಡಿಕೊಟ್ಟಿರುತ್ತಾನೆ. ಒಬ್ಬರಿಗೆ ಮೂರು ಫೋನ್, ಮೂರು ಖಾತೆ. ಹಳೆಯ ಫೋಟೊಗಳೆಲ್ಲ ಹಳೆಯ ಖಾತೆಯಲ್ಲಿ ಭದ್ರವಾಗಿರುತ್ತವೆ. ಹಳೆಯ ಖಾತೆಗೆ ಲಾಗಿನ್ ಆಗಲು ಓಟಿಪಿ ಬೇಕು, ಅದು ಹಳೆಯ ನಂಬರಿಗೆ ಹೋಗುತ್ತದೆ. ರೀಚಾರ್ಜ್ ಮಾಡದೆ ಬಿಟ್ಟ ನಂಬರು ಸ್ವಲ್ಪ ಕಾಲದ ಮೇಲೆ ಬೇರೆಯವರ ಪಾಲಾಗುತ್ತದೆ. ಆದ್ದರಿಂದ ನಂಬರ್ ಬದಲಿಸಿದ ದಿನವೇ ಖಾತೆಯಲ್ಲೂ ಬದಲಿಸಿ.

ಮೂರನೆಯದು, ಬುಟ್ಟಿ. ಗೂಗಲ್ ಫೋಟೋಸ್‌ನಲ್ಲಿ 'ಕಲೆಕ್ಷನ್ಸ್' ಒಳಗೆ, ಡ್ರೈವ್‌ನಲ್ಲಿ ಎಡಗಡೆಯ ಮೂರು ಗೆರೆ ಒತ್ತಿದರೆ 'ಬಿನ್' ಅಥವಾ 'ಟ್ರ್ಯಾಶ್' ಕಾಣುತ್ತದೆ. ಬೇಕಾದದ್ದನ್ನು ಆರಿಸಿ 'ರಿಸ್ಟೋರ್' ಒತ್ತಿದರೆ ಮುಂಚೆ ಇದ್ದ ಜಾಗಕ್ಕೇ ಹೋಗಿ ಕೂರುತ್ತದೆ. ಅಲ್ಲೂ ಇಲ್ಲದಿದ್ದರೆ 'ಆರ್ಕೈವ್' ನೋಡಿ. ಬೆರಳು ತಾಗಿ ಅಲ್ಲಿಗೆ ಹೋದ ಫೋಟೊ ಮುಖ್ಯ ಪುಟದಲ್ಲಿ ಕಾಣುವುದಿಲ್ಲ, ಅಳಿಸಿಯೂ ಇರುವುದಿಲ್ಲ.

ನಾಲ್ಕನೆಯದು, ಫೈಲು ಯಾರದು? ಡ್ರೈವಿನಲ್ಲಿ ಹಂಚಿಕೊಂಡ ಫೈಲನ್ನು ಅದರ ಮಾಲೀಕರು ಅಳಿಸಿದರೆ ಅದು ಬೀಳುವುದು ಮಾಲೀಕರ ಬುಟ್ಟಿಗೆ, ನಿಮ್ಮ ಬುಟ್ಟಿಗಲ್ಲ. ನೀವು ಎಷ್ಟು ಹುಡುಕಿದರೂ ಸಿಗದು. ಮಾಲೀಕರಿಗೆ ಫೋನ್ ಮಾಡಿ ಅವರ ಬುಟ್ಟಿ ನೋಡಲು ಹೇಳಿ. ಬೇರೆಯವರು ಹಂಚಿಕೊಂಡ ಫೋಲ್ಡರಿನಿಂದ ತೆಗೆದುಹಾಕಿದ್ದಷ್ಟೇ ಆಗಿದ್ದರೆ, ಮಾಲೀಕರು ತಮ್ಮ ಡ್ರೈವಿನಲ್ಲಿ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಸಂಸ್ಥೆ ಕೊಟ್ಟ ಗೂಗಲ್ ಖಾತೆಯಾದರೆ ಇನ್ನೊಂದು ಅವಕಾಶವಿದೆ. ಬುಟ್ಟಿಯಿಂದ ಹೋದ ಮೇಲೂ 25 ದಿನದೊಳಗೆ ಆ ಸಂಸ್ಥೆಯ ಅಡ್ಮಿನ್ ಅದನ್ನು ಮರಳಿಸಬಹುದು. ನಮ್ಮ ಸ್ವಂತ ಜಿಮೇಲ್ ಖಾತೆಗೆ ಹಾಗೆ ಅಡ್ಮಿನ್ ಎಂಬುವವರಿಲ್ಲ.

ಐದನೆಯದು ಶಿಕ್ಷಕರಿಗಾಗಿ. ಫೈಲು ಇದೆ, ಒಳಗಿನದು ಹಾಳಾಗಿದೆ ಎನ್ನಿ. ಹೋದ ಪರೀಕ್ಷೆಯ ಅಂಕಗಳ ಮೇಲೆ ಈ ಪರೀಕ್ಷೆಯ ಅಂಕ ತುಂಬಿ ಸೇವ್ ಮಾಡಿಬಿಟ್ಟಿರಿ. ಆಗ ಬುಟ್ಟಿಯಲ್ಲಿ ಹುಡುಕಬೇಡಿ, 'ವರ್ಷನ್' ಎಂಬುದನ್ನು ಹುಡುಕಿ. ಡ್ರೈವಿಗೆ ಏರಿಸಿದ ಎಕ್ಸೆಲ್, ಪಿಡಿಎಫ್ ಫೈಲುಗಳನ್ನು ಅದೇ ಫೈಲಿನ ಹೊಸ ರೂಪವಾಗಿ ಮತ್ತೆ ಏರಿಸಿದ್ದರೆ, ಹಳೆಯ ರೂಪ 30 ದಿನ ಅಥವಾ 100 ವರ್ಷನ್‌ಗಳವರೆಗೆ ಉಳಿದಿರುತ್ತದೆ. ಆಗ ನನಗೆ ಫೋನ್ ಮಾಡಿದ್ದ ಮೇಷ್ಟ್ರ ಅಂಕಪಟ್ಟಿ ಹೀಗೆಯೇ ಸಿಕ್ಕಿತು. ಎರಡು ನಿಮಿಷದ ಕೆಲಸ. ಅವರು ಅದಕ್ಕೂ ಮುಂಚೆ ಎರಡು ರಾತ್ರಿ ಕೂತು ಮತ್ತೆ ಬರೆದಿದ್ದರು!

ಇಷ್ಟೆಲ್ಲ ಆದ ಮೇಲೂ ಸಿಗದಿದ್ದರೆ? ಇಲ್ಲಿ ಒಂದು ಎಚ್ಚರಿಕೆ. ಕಳೆದುಕೊಂಡವರ ದುಃಖ ಕಾದು ಕೂತವರಿದ್ದಾರೆ. ಇಂಟರ್‌ನೆಟ್ಟಿನಲ್ಲಿ 'ಕಸ್ಟಮರ್ ಕೇರ್' ಎಂದು ಹುಡುಕಿದಾಗ ಸಿಗುವ ನಂಬರುಗಳೆಲ್ಲ ನಿಜವಲ್ಲ. "ಫೋಟೊ ತರಿಸಿಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಬಂದ ಓಟಿಪಿ ಹೇಳಿ" ಎಂದರೆ ಫೋನ್ ಇಟ್ಟುಬಿಡಿ. ಕ್ಲೌಡ್ ಖಾತೆಯ ಗಡುವು ಮುಗಿದದ್ದನ್ನು ದುಡ್ಡು ಕೊಟ್ಟು ಹೊರಗಿನವರಿಂದ ತರಿಸಲು ದಾರಿ ಇಲ್ಲ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ.

ಹಾಗಾದರೆ ಗಡುವು ಮುಗಿದರೆ ಎಲ್ಲವೂ ಮುಗಿಯಿತೇ? ಇಲ್ಲ. ಯಂತ್ರದಲ್ಲಿ ಮುಗಿಯಿತು, ಜನರಲ್ಲಿ ಮುಗಿದಿಲ್ಲ. ಈಗ ಅಪ್ಪನ ವಿಡಿಯೊಗಳ ಮಿಕ್ಕ ಕಥೆ.

ಯುಗಾದಿಯ ಮರುದಿನ, ಊರೆಲ್ಲ ವರ್ಷದ ತೊಡಕಿನ ಗಡಿಬಿಡಿಯಲ್ಲಿದ್ದಾಗ ನಾನು ಮನೆ ಮನೆ ತಿರುಗಿದೆ. ಅಕ್ಕನ ಫೋನ್, ಚಿಕ್ಕಪ್ಪನ ಫೋನ್, ಎರಡರಲ್ಲೂ ಇರಲಿಲ್ಲ. ಅಪ್ಪನಿಂದ ಪಾತ್ರ ಕಲಿತ ಹುಡುಗ, "ಮಟ್ಟು ನೆನಪಿರಲಿ ಅಂತ ಅವ್ವಾರ ಕೈಲಿ ಒಂದು ವಿಡಿಯೊ ಕಳಿಸ್ಕೊಂಡಿದ್ದೆ ಅಣ್ಣ" ಎಂದ. ಅವನ ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷದ ವಿಡಿಯೊ ಇತ್ತು. ಹಾರ್ಮೋನಿಯಂ ಮೇಷ್ಟ್ರು ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ತಮ್ಮ ಫೋನ್ ತಡಕಿ 40 ಸೆಕೆಂಡಿನದೊಂದು ಹುಡುಕಿ ಕೊಟ್ಟರು. ಅದರಲ್ಲಿ ಅಪ್ಪ ಹಾಡುವುದಿಲ್ಲ. ಹುಡುಗ ತಾಳ ತಪ್ಪಿದ್ದಕ್ಕೆ ಬೈಯುತ್ತಾರೆ, ಆಮೇಲೆ ನಗುತ್ತಾರೆ. ಹನ್ನೊಂದರಲ್ಲಿ ಎರಡು ಸಿಕ್ಕವು. ಒಂಬತ್ತು ಹೋದವು. ಅವ್ವನಿಗೆ ಆ ಬೈಗುಳದ ವಿಡಿಯೊವೇ ಹೆಚ್ಚು ಇಷ್ಟ. "ಇದು ನಿಮ್ಮಪ್ಪನೇ" ಅಂತಾಳೆ.

ಆದ್ದರಿಂದ ಗಡುವು ಮುಗಿದರೂ ಕೇಳುವುದನ್ನು ಬಿಡಬೇಡಿ. ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಇಮೇಲಿನ 'ಸೆಂಟ್' ಪೆಟ್ಟಿಗೆ, ಸಂಬಂಧಿಕರ ಫೋನ್, ಹಳೆಯ ಮೆಮೊರಿ ಕಾರ್ಡ್, ಮದುವೆ ಫೋಟೊ ತೆಗೆದ ಸ್ಟುಡಿಯೊದವರ ಕಂಪ್ಯೂಟರ್ ಎಲ್ಲ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಪೂರ್ತಿ ಗುಣಮಟ್ಟ ಉಳಿಯಬೇಕಾದರೆ 'ಡಾಕ್ಯುಮೆಂಟ್' ಎಂದು ಕಳಿಸಿ. ಅಂಕಪಟ್ಟಿಯಂಥ ಸರ್ಕಾರಿ ದಾಖಲೆಯಾದರೆ ಅಳಬೇಕಾಗಿಲ್ಲ, ಡಿಜಿಲಾಕರ್‌ನಲ್ಲಿ ಇದೆಯೇ ನೋಡಿ. ಅದು ಕೊಟ್ಟವರ ದಾಖಲೆಯಿಂದಲೇ ಬರುತ್ತದೆ, ನಿಮ್ಮ ಫೋನ್ ಹೋದರೂ ಅದು ಹೋಗದು.

ನಾನು ಮಾಡಿದ ತಪ್ಪಿನ ಬೇರು ಎಲ್ಲಿತ್ತು ಎಂದು ಆಮೇಲೆ ಯೋಚಿಸಿದೆ. ಕ್ಲೌಡಿನಲ್ಲಿರುವುದು ಇನ್ನೊಂದು ಪ್ರತಿ ಎಂದು ನಂಬಿದ್ದೆ. ಅದು ಪ್ರತಿಯಲ್ಲ, ಕನ್ನಡಿ. ನಿಮ್ಮ ಹಣೆಯ ಕುಂಕುಮ ಅಳಿಸಿಕೊಂಡರೆ ಕನ್ನಡಿಯಲ್ಲಿರುವವರ ಹಣೆಯ ಕುಂಕುಮವೂ ಹೋಗುತ್ತದೆ. ಇದನ್ನು 'ಸಿಂಕ್' ಎನ್ನುತ್ತಾರೆ. ಹಾಕಿದ್ದನ್ನು ಎಲ್ಲ ಕಡೆ ಹಾಕುವುದು, ಅಳಿಸಿದ್ದನ್ನು ಎಲ್ಲ ಕಡೆ ಅಳಿಸುವುದು ಅದರ ಕೆಲಸ. ಫೋನ್ ಕಳೆದರೆ, ನೀರಿಗೆ ಬಿದ್ದರೆ ಕ್ಲೌಡ್ ನಿಮ್ಮನ್ನು ಕಾಪಾಡುತ್ತದೆ. ನಿಮ್ಮ ಬೆರಳಿನಿಂದ ಅದು ನಿಮ್ಮನ್ನು ಕಾಪಾಡದು. ಫೋನಿನಲ್ಲಿ ಜಾಗ ಮಾತ್ರ ಬೇಕಿದ್ದರೆ ಗೂಗಲ್ ಫೋಟೋಸ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಎಂಬುದಿದೆ. ಅದು ಬ್ಯಾಕಪ್ ಆದದ್ದನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ. 'ಡಿಲೀಟ್' ಎರಡೂ ಕಡೆ ತೆಗೆಯುತ್ತದೆ. ನಾನು ಮೊದಲನೆಯದನ್ನು ಒತ್ತಬೇಕಾದ ಕಡೆ ಎರಡನೆಯದನ್ನು ಒತ್ತಿದೆ.

ದೊಡ್ಡವರೂ ಈ ಪಾಠ ಕಲಿತಿದ್ದಾರೆ. 2011ರ ಫೆಬ್ರುವರಿ ಕೊನೆಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಜಿಮೇಲ್‌ನ ಶೇ. 0.02ರಷ್ಟು ಬಳಕೆದಾರರ ಮೇಲ್‌ಗಳು ಕಾಣದಾದವು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿದ್ದ ಪ್ರತಿಗಳಿಗೂ ಆ ದೋಷ ತಟ್ಟಿತ್ತು. ಕೊನೆಗೆ ಗೂಗಲ್ ಅವನ್ನು ಮರಳಿ ತಂದದ್ದು ಎಲ್ಲಿಂದ ಗೊತ್ತೇ? ಟೇಪುಗಳಿಂದ. ನಾವು ಹಾಡು ಕೇಳುತ್ತಿದ್ದ ಕ್ಯಾಸೆಟ್ಟಿನ ಜಾತಿಯದೇ ಆದ ಟೇಪು. ಅವು ನೆಟ್‌ವರ್ಕಿಗೆ ಅಂಟಿಕೊಂಡಿರಲಿಲ್ಲ, ಹಾಗಾಗಿ ದೋಷ ಅಲ್ಲಿಗೆ ತಲುಪಲಿಲ್ಲ. ಎಲ್ಲ ಕಂಪನಿಗೂ ಆ ಅದೃಷ್ಟವಿಲ್ಲ. ಮೈಸ್ಪೇಸ್ ಎಂಬ ಅಮೆರಿಕದ ತಾಣ 2015ಕ್ಕೆ ಮುಂಚೆ ಜನ ಏರಿಸಿದ್ದ ಹಾಡುಗಳನ್ನು ಕಳೆದುಕೊಂಡಿದೆ ಎಂದು 2019ರಲ್ಲಿ ಹೊರಬಂತು.

ಇದರಿಂದ ತಿಳಿಯುವುದು ಒಂದೇ ಮಾತು: ಒಂದು ಪ್ರತಿಯಾದರೂ ಕನ್ನಡಿಗೆ ಕಾಣದ ಕಡೆ ಇರಬೇಕು. ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಣ್ಣುವ ರಾಗಿಯ ಜೊತೆ ಬಿತ್ತನೆ ರಾಗಿಯನ್ನು ಅವರು ಎಂದೂ ಸೇರಿಸಿಡಲಿಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕೆ 3-2-1 ಎಂಬ ಸೂತ್ರವಿದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಫೋನಿನಲ್ಲೊಂದು, ಕ್ಲೌಡಿನಲ್ಲೊಂದು, ಹಾರ್ಡ್‌ಡಿಸ್ಕಿಗೆ ಇಳಿಸಿ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಟ್ಟದ್ದೊಂದು. ಇಟ್ಟು ಮರೆಯಬೇಡಿ, ಹಾರ್ಡ್‌ಡಿಸ್ಕೂ ಕೆಡುತ್ತದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ನೇಗಿಲು, ಟ್ರ್ಯಾಕ್ಟರ್ ತೊಳೆಯುವಾಗ ಅದನ್ನೂ ತೆಗೆದು, ಹಾಕಿ ನೋಡಿ, ಆ ವರ್ಷದ ಫೋಟೊಗಳನ್ನು ಸೇರಿಸಿ. ತುಂಬ ಬೇಕಾದ ಹತ್ತಿಪ್ಪತ್ತು ಫೋಟೊಗಳನ್ನು ಪ್ರಿಂಟ್ ಹಾಕಿಸಿ. ಕಾಗದಕ್ಕೆ ಪಾಸ್‌ವರ್ಡ್ ಬೇಡ.

ಇನ್ನೆರಡು ಮಾತು. ಗೂಗಲ್‌ನಲ್ಲಿ ಉಚಿತ ಜಾಗ 15 ಜಿಬಿ. ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ ಅಷ್ಟೇ. 2021ರ ಜೂನ್ 1ಕ್ಕೆ ಮುಂಚೆ ಸ್ವಲ್ಪ ಕುಗ್ಗಿಸಿದ ಫೋಟೊಗಳು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಬರುತ್ತವೆ. ಜಾಗ ತುಂಬಿದ ಮೇಲೆ ಹೊಸ ಫೋಟೊ ಬ್ಯಾಕಪ್ ಆಗುವುದಿಲ್ಲ, ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ. ಎರಡನೆಯದು, ಎರಡು ವರ್ಷ ಯಾರೂ ಮುಟ್ಟದ ಸ್ವಂತ ಖಾತೆಯನ್ನು ಒಳಗಿರುವುದೆಲ್ಲದರ ಸಮೇತ ಗೂಗಲ್ ಅಳಿಸಬಹುದು. ತೀರಿಕೊಂಡವರ ಖಾತೆ ಹೀಗೆ ಹೋಗುತ್ತದೆ. 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಎಂಬಲ್ಲಿ, ತಾನು ಇಂತಿಷ್ಟು ತಿಂಗಳು ಬಳಸದಿದ್ದರೆ ಯಾರಿಗೆ ತನ್ನ ಫೈಲುಗಳು ಸಿಗಬೇಕು ಎಂದು ಮೊದಲೇ ಹೇಳಿಡಬಹುದು. ಆ್ಯಪಲ್‌ನಲ್ಲಿ ಇದಕ್ಕೆ 'ಲೆಗಸಿ ಕಾಂಟ್ಯಾಕ್ಟ್' ಎನ್ನುತ್ತಾರೆ. ಹೊಲಕ್ಕೆ ವಾರಸುದಾರರನ್ನು ಬರೆಸುವ ನಾವು ಇದಕ್ಕೂ ಬರೆಸೋಣ.

ಕೊನೆಯದಾಗಿ ನಮ್ಮ ಶಾಲೆಯ ವಿಷಯ. ಈ ಸಂಚಿಕೆಗಾಗಿ ಸಮಿತಿಯವರು ಐವತ್ತು ವರ್ಷಗಳ ಗ್ರೂಪ್ ಫೋಟೊಗಳನ್ನು ಮನೆ ಮನೆಯಿಂದ ತಂದು ಸ್ಕ್ಯಾನ್ ಮಾಡಿಸಿದ್ದಾರೆ. ಗೆದ್ದಲು ಹಿಡಿದ ಚೌಕಟ್ಟಿನಿಂದ ಬಿಡಿಸಿ ತೆಗೆದ ಮೊದಲ ಬ್ಯಾಚಿನ ಫೋಟೊ ನೋಡಿ ನನಗೂ ಕಣ್ಣು ತುಂಬಿತು. ಹೋದ ತಿಂಗಳು ಸಭೆಯಲ್ಲಿ, "ಇವೆಲ್ಲ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದೆ. ಒಬ್ಬ ಶಿಕ್ಷಕರ ಸ್ವಂತ ಡ್ರೈವ್ ಖಾತೆಯಲ್ಲಿ ಎಂದರು. ಅವರ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವರಿಗೆ ನಾಳೆ ವರ್ಗವಾಗಬಹುದು, ಜಾಗ ತುಂಬಿತೆಂದು ಒಂದು ಫೋಲ್ಡರ್ ಅಳಿಸಬಹುದು. ಐವತ್ತು ವರ್ಷದ ಮುಖಗಳು 30 ದಿನದ ಗಡುವಿನ ಮೇಲೆ ನಿಲ್ಲಬಾರದು.

ಅದಕ್ಕೆ ನಮ್ಮ ಬ್ಯಾಚಿನ ಗೆಳೆಯರು ಸೇರಿ ಎರಡು ಹಾರ್ಡ್‌ಡಿಸ್ಕ್ ತಂದಿದ್ದೇವೆ. ಎರಡರಲ್ಲೂ ಎಲ್ಲ ಫೋಟೊಗಳನ್ನು ತುಂಬಿಸಿದ್ದೇವೆ, ಯಾವ ವರ್ಷದ್ದು ಎಂದು ಹೆಸರಿಟ್ಟಿದ್ದೇವೆ. ಒಂದು ಮುಖ್ಯೋಪಾಧ್ಯಾಯರ ಬೀರುವಿಗೆ, ಇನ್ನೊಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ. ಶಾಲೆಯ ಹೆಸರಿನಲ್ಲೇ ಒಂದು ಖಾತೆ ಮಾಡಿ, ಅದರ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಮುಖ್ಯೋಪಾಧ್ಯಾಯರು ಬದಲಾದಾಗ ಚಾರ್ಜ್ ಪಟ್ಟಿಯಲ್ಲಿ ಅದನ್ನೂ ಸೇರಿಸಿ ಒಪ್ಪಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಸ್ಕ್ಯಾನ್ ಆಯಿತೆಂದು ಮೂಲ ಫೋಟೊಗಳನ್ನು ದಯವಿಟ್ಟು ಎಸೆಯಬೇಡಿ.

ಮಕ್ಕಳೇ, ನಿಮಗೊಂದು ಮನೆಗೆಲಸ. ಇವತ್ತು ಮನೆಗೆ ಹೋಗಿ ಅಜ್ಜಿಯ ಫೋನೋ ಅಮ್ಮನ ಫೋನೋ ತೆಗೆದುಕೊಂಡು, ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು, ಕಸದ ಬುಟ್ಟಿ ತೆರೆದು ನೋಡಿ. ಅಲ್ಲಿ ಯಾರಾದರೂ ಇದ್ದರೆ ವಾಪಸ್ ಕರೆದುಕೊಂಡು ಬನ್ನಿ. ಗಡುವು ಇನ್ನೂ ಇದ್ದೀತು.